ಚೀಟಿ ಒಳಗಿರಲಿ

ಬೊಂಬೆಗೆ ಅಂಗಿ ತೊಡಿಸಬೇಕಾದರೆ ಮೊದಲು ಅದರ ಕೈ ಕೀಳಬೇಕು. ಭುಜದ ಹತ್ತಿರ ಹಿಡಿದು, ಒಂಚೂರು ಮೇಲಕ್ಕೆತ್ತಿ, ಒಳಮುಖವಾಗಿ ತಿರುಗಿಸಿದರೆ ಟಕ್ ಎಂದು ಕಳಚಿಕೊಳ್ಳುತ್ತದೆ. ಅಂಗಿ ಹಾಕಿದ ಮೇಲೆ ತೋಳಿನೊಳಗೆ ಕೈ ತೂರಿಸಿ ಮತ್ತೆ ಸಿಕ್ಕಿಸಬೇಕು. ತಮಿಳುನಾಡಿನ ಗಡಿಯೂರು ಹೊಸೂರಿನ ಈ ಅಂಗಡಿಯಲ್ಲಿ ಆರು ವರ್ಷದಿಂದ ಜಗನ್ ಮಾಡಿಕೊಂಡು ಬಂದ ಕೆಲಸ ಇದು. ಗಿರಾಕಿಯ ಜೊತೆ ಮಾತಾಡುತ್ತಲೇ ಮುಗಿಸಿಬಿಡುತ್ತಿದ್ದ. ಇವತ್ತು ಕೈ ಕೂರುತ್ತಿಲ್ಲ. ಮೂರು ಸಲ ಸಿಕ್ಕಿಸಿದ. ಮೂರು ಸಲವೂ ಬೊಂಬೆಯ ಬಲಗೈ ತಪ್ಪಾಗಿ ಕೂತು, ಮೊಣಕೈ ಮಡಿಸಿಕೊಂಡು, ಹಣೆಯ ಕಡೆಗೇ ಎದ್ದು ನಿಂತಿತು. ನಾಲ್ಕನೆಯ ಸಲ ಅದನ್ನು ಕಿತ್ತು ನೆಲದ ಮೇಲಿಟ್ಟ. ಗಾಜಿನ ಆಚೆ ಲಾರಿಗಳು ಹೋಗುತ್ತಿದ್ದವು, ಬಿಸಿಲು ರಸ್ತೆಯ ಮೇಲೆ ಎಣ್ಣೆಯ ಹಾಗೆ ಅಲುಗುತ್ತಿತ್ತು. ಅಪ್ಪ ಅವನಿಗೆ ಸಲ್ಯೂಟ್ ಹೊಡೆದು ಐದು ಗಂಟೆ ಕಳೆದಿತ್ತು.

ಬಾಗಲೂರು ರಸ್ತೆಯ ಆಚೆ ಹೊಸ ಲೇಔಟೊಂದರಲ್ಲಿ ಉಮಾಶಂಕರ್ ಎಂಬ ಗಿರಾಕಿ ಇದ್ದಾರೆ, ಕಾರ್ಖಾನೆಯೊಂದರ ಮ್ಯಾನೇಜರು. ಅಂಗಡಿಗೆ ಬರುವ ಪುರುಸೊತ್ತಿಲ್ಲ, ಆಫೀಸಿಗೆ ಐದು ದಿನಕ್ಕೆ ಐದು ಸೆಟ್ ಕಟ್ಟಿ ಮನೆಗೇ ಕಳಿಸಿ, ಆ ಹುಡುಗನೇ ಕಟ್ಟಲಿ ಅನ್ನುತ್ತಾರೆ. ಸೆಟ್ ಎಂದರೆ ಅಂಗಿ, ಪ್ಯಾಂಟು, ಬೆಲ್ಟು, ಬೂಟು, ವಾಚಿನ ಪಟ್ಟಿ, ಕಾಲುಚೀಲದವರೆಗೆ ಒಂದಕ್ಕೊಂದು ಒಗ್ಗಬೇಕು. ಬೆಲ್ಟು ಯಾವ ಬಣ್ಣವೋ ಬೂಟೂ ಅದೇ, ವಾಚಿನ ಪಟ್ಟಿಯೂ ಅದೇ. ಮೈಮೇಲೆ ಮೂರಕ್ಕಿಂತ ಹೆಚ್ಚು ಬಣ್ಣ ಕಂಡರೆ ಜಗನ್‌ಗೆ ಹಲ್ಲು ಜುಮ್ಮೆನ್ನುತ್ತದೆ. ಇದನ್ನು ಅವನಿಗೆ ಯಾರೂ ಕಲಿಸಲಿಲ್ಲ. ಬಟ್ಟೆ ತಲುಪಿಸಲು ಹೋಗುವವನೂ ಅಂಗಡಿಯ ಸೆಟ್ ತೊಟ್ಟೇ ಹೋಗಬೇಕು ಎಂಬುದು ಮಾಲೀಕ ಗುಂಡಣ್ಣನ ಕಾನೂನು. "ನೀನೇ ನನ್ನ ಬೋರ್ಡು ಕಣೋ," ಎನ್ನುತ್ತಾನೆ. ರೇಟಿನ ಚೀಟಿಯನ್ನು ಕೀಳುವ ಹಾಗಿಲ್ಲ. ದಾರದ ಸಮೇತ ಕಾಲರಿನ ಹಿಂದೆ, ಬೆನ್ನಿನೊಳಕ್ಕೆ ಇಳಿಬಿಟ್ಟುಕೊಳ್ಳಬೇಕು. ಸಾಯಂಕಾಲ ಬಿಚ್ಚಿ, ಇಸ್ತ್ರಿ ಹಾಕಿ, ಮತ್ತೆ ಕಪಾಟಿಗೆ. ನಾಳೆ ಯಾರೋ ಅದನ್ನು ಹೊಸದೆಂದೇ ಕೊಳ್ಳುತ್ತಾನೆ. "ಚೀಟಿ ಒಳಗಿರ್ಲಿ," ಎಂದು ಗುಂಡಣ್ಣ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಿ ಕಳಿಸುತ್ತಾನೆ. ದಿನವೆಲ್ಲ ಆ ರಟ್ಟಿನ ತುಂಡು ಬೆನ್ನುಮೂಳೆಯನ್ನು ಕೆರೆಯುತ್ತಿರುತ್ತದೆ.

ಇವತ್ತಿನ ಸೆಟ್ ಅವನೇ ಕಟ್ಟಿದ್ದು. ಆಲಿವ್ ಹಸಿರಿನ ಲಿನನ್ ಅಂಗಿ, ತೋಳು ಮೊಣಕೈ ಕೆಳಗೆ ಎರಡೇ ಮಡಿಕೆ. ಮರಳು ಬಣ್ಣದ ಪ್ಯಾಂಟು. ಕಂದು ಬೆಲ್ಟು, ಕಂದು ಲೋಫರು, ಕಂದು ಪಟ್ಟಿಯ ವಾಚು. ಮೇಲೊಂದು ಕಪ್ಪು ಕನ್ನಡಕ. ಆಟೋ ಇಳಿದು ಲೇಔಟಿನ ಗೇಟಿನ ಕಡೆ ನಡೆಯುವಾಗ ತಾನು ಸರಿಯಾಗಿ ಕಾಣುತ್ತಿದ್ದೇನೆ ಎಂಬುದು ನಡಿಗೆಗೇ ಗೊತ್ತಿತ್ತು. ಗೇಟಿನಲ್ಲಿ ಕಾವಲಿನವನೊಬ್ಬ. ಜಗನ್ ಯಾರನ್ನು ನೋಡಿದರೂ ಕಾಲಿನಿಂದ ಮೇಲಕ್ಕೆ ನೋಡುತ್ತಾನೆ, ಕಸುಬಿನ ಚಾಳಿ. ಕಂದು ಬೂಟು, ಏಳರ ಕಾಲಿಗೆ ಒಂಬತ್ತರ ಬೂಟು, ಎರಡು ಅಂಚೂ ಮುಟ್ಟುವಷ್ಟು ಬಿಗಿದ ಲೇಸು. ಕಡುನೀಲಿ ಪ್ಯಾಂಟು. ಕಪ್ಪು ಬೆಲ್ಟು, ಮೊಳೆಯಿಂದ ತೂತು ಹೊಡೆದದ್ದು, ಬಾಲ ಸುತ್ತಿ ಬೆನ್ನಿನವರೆಗೂ ಹೋಗಿದೆ. ಕಂದು ಬೂಟಿಗೆ ಕಪ್ಪು ಬೆಲ್ಟು ಯಾವ ಬೇವರ್ಸಿ ಕೊಟ್ಟ ಇವನಿಗೆ, ಅಂದುಕೊಂಡ. ತಿಳಿನೀಲಿ ಅಂಗಿ, ಸೀಟಿಯ ದಾರ. ಕಣ್ಣು ಮುಖಕ್ಕೆ ಬರುವ ಹೊತ್ತಿಗೆ ಕೈ ಹಣೆಗೇರಿಯಾಗಿತ್ತು. ಅಪ್ಪ. ಪಾಪಯ್ಯ. ಜೂಜುವಾಡಿಯ ಗೋಡೌನಿನಲ್ಲಿ ಕಾವಲಿರಬೇಕಾದ ಅಪ್ಪ. ಸೆಕ್ಯೂರಿಟಿ ಏಜೆನ್ಸಿಯವರು ಹೇಳದೆ ಕೇಳದೆ ಜಾಗ ಬದಲಾಯಿಸುತ್ತಾರೆ. ಅಪ್ಪ ಏಜೆನ್ಸಿಯ ರೂಮಿನಲ್ಲಿ, ಇವನು ಅಂಗಡಿಯ ಮಹಡಿಯಲ್ಲಿ. ಹದಿನೈದು ದಿನಕ್ಕೊಂದು ಭಾನುವಾರ ಗುಮ್ಮಳಾಪುರದ ಮನೆಯಲ್ಲಿ ಅವ್ವನ ಮುದ್ದೆಯ ಮುಂದೆ ಸೇರುವುದು. ಹಿಂದೊಂದು ಕಾರು ನಿಂತಿತ್ತು, ಅದರೊಳಗೆ ಹೆಂಗಸೊಬ್ಬಳು ಗಾಜು ಇಳಿಸಿ ನೋಡುತ್ತಿದ್ದಳು. ಜಗನ್ ಆಗ ಏನು ಮಾಡಿದ? ಕನ್ನಡಕದ ಅಂಚಿನಿಂದ ಎರಡು ಬೆರಳು ಎತ್ತಿದ. ತಲೆಯನ್ನು ಒಂದಿಷ್ಟು ಕುಣಿಸಿದ. ನಡೆದುಬಿಟ್ಟ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಸೀಟಿ ಕೇಳಿಸಿತು. ಒಮ್ಮೆ ಉದ್ದಕ್ಕೆ, ಆಮೇಲೆ ಎರಡು ಸಲ ಚಿಕ್ಕದಾಗಿ. ಕಾರಿಗಿರಬೇಕು ಅಂದುಕೊಂಡ. ತಿರುಗಲಿಲ್ಲ. ಉಮಾಶಂಕರ್ ಮನೆಗೆ ಬಟ್ಟೆ ಕೊಟ್ಟು, ಹಿಂದಿನ ಗೇಟು ಎಲ್ಲಿದೆ ಎಂದು ವಿಚಾರಿಸಿಕೊಂಡು, ಬಿಸಿಲಿನಲ್ಲಿ ಎರಡು ಕಿಲೋಮೀಟರು ಸುತ್ತಿ ಬಂದ.

ಆ ಎರಡು ಬೆರಳು ಈಗ ಕೈಯಲ್ಲಿ ಇರುವುದೇ ಬೇಡ ಎನ್ನಿಸುತ್ತಿತ್ತು. ಆದರೆ ಅಪ್ಪ ಗುರುತು ಹಿಡಿದಿಲ್ಲವಲ್ಲ. ಬೆಳಗ್ಗಿನಿಂದ ಈ ಒಂದು ಮಾತನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ ಇಡುತ್ತಿದ್ದ. ಕಪ್ಪು ಕನ್ನಡಕ ಇತ್ತು. ಎದುರು ಬಿಸಿಲು ಇತ್ತು. ಅಪ್ಪನಿಗೆ ಎಡಗಣ್ಣಲ್ಲಿ ಪೊರೆ. ಕಾವಲಿನವನಿಗೆ ಒಳ್ಳೆ ಬಟ್ಟೆ ಕಂಡರೆ ಸಾಕು, ಕೈ ತಾನಾಗಿ ಏಳುತ್ತದೆ. ಮುಖ ಯಾರು ನೋಡುತ್ತಾರೆ? ಹಾಗೆ ಅಂದುಕೊಂಡಾಗ ಎದೆ ಹಗುರಾಗುವ ಬದಲು ಇನ್ನೊಂದು ಹೇಸಿಗೆ ಮೇಲೆ ಬರುತ್ತಿತ್ತು: ಒಳಗೆಲ್ಲೋ ಒಂದು ಮೂಲೆಯಲ್ಲಿ ಅವನಿಗೆ ಖುಷಿಯಾಗಿತ್ತು. ಸೆಟ್ ಗೆದ್ದಿತ್ತು. ಹೆತ್ತಪ್ಪನೇ ಮೋಸಹೋಗುವಷ್ಟು ಚೆನ್ನಾಗಿ ಕಟ್ಟಿದ್ದ. ಥೂ.

ಅಪ್ಪನಿಗೆ ಬಣ್ಣ ಕಾಣುವುದಿಲ್ಲ ಎಂದು ಅವನು ಒಂಬತ್ತನೆಯ ಕ್ಲಾಸಿನಿಂದ ನಂಬಿಕೊಂಡು ಬಂದಿದ್ದ. ಎಂಟರವರೆಗೆ ಯೂನಿಫಾರ್ಮು ಸರ್ಕಾರದ್ದು, ಒಂಬತ್ತಕ್ಕೆ ಮನೆಯವರೇ ತರಬೇಕು. ಅಪ್ಪ ಹಳೆಯ ಪ್ಯಾಂಟನ್ನು ಕಂಕುಳಲ್ಲಿಟ್ಟುಕೊಂಡು ತಳಿ ಎಂಬ ಊರಿನ ಸಂತೆಗೆ ಹೋಗಿ, ಅದಕ್ಕೆ ಹೊಂದಿಸಿ ಬಟ್ಟೆ ತಂದ. ಅಂಗಡಿಯವನು ನೀಲಿ ಟಾರ್ಪಾಲು ಕಟ್ಟಿದ್ದನಂತೆ. ಅದರ ಕೆಳಗೆ ಎರಡೂ ಒಂದೇ ಆಗಿ ಕಂಡಿತಂತೆ. ಬಯಲಿಗೆ ಬಂದಾಗ ಒಂದು ಶೇಡು ಬೇರೆ. ಅಷ್ಟೇ, ಒಂದು ಶೇಡು. ಪ್ರಾರ್ಥನೆಯ ಸಾಲಿನಲ್ಲಿ ಇನ್ನೂರು ಹುಡುಗರ ನಡುವೆ ಅವನೊಬ್ಬ ಬಿಸಿಲಿನಲ್ಲಿ ಎದ್ದು ಕಾಣುತ್ತಿದ್ದ. ಡ್ರಿಲ್ ಮೇಷ್ಟರು ಹೊರಗೆ ಕರೆದು, ನೀನು ಬೇರೆ ಸ್ಕೂಲಾ ಎಂದು ಮೈಕಿನಲ್ಲಿ ತಮಿಳಿನಲ್ಲಿ ಕೇಳಿದಾಗ ಹುಡುಗಿಯರ ಸಾಲೂ ನಕ್ಕಿತು. ಹದಿನೈದು ದಿನ ಹೋದ, ಆಮೇಲೆ ಹೋಗಲಿಲ್ಲ. "ನಿಂಗೆ ಕಣ್ಣು ಕಾಣಲ್ವಾ? ಬಣ್ಣ ಗೊತ್ತಾಗಲ್ವಾ?" ಎಂದು ಅಪ್ಪನ ಮೇಲೆ ಕಿರುಚಿದ್ದ. ಅಪ್ಪ ಹಳೆಯ ಪ್ಯಾಂಟು ಒಂದು ಕೈಯಲ್ಲಿ, ಹೊಸ ಪ್ಯಾಂಟು ಒಂದು ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತು, "ಅಲ್ಲಿ ಒಂದೇ ತರ ಕಾಣ್ತಿತ್ತು ಕಣಪ್ಪ," ಎಂದಿದ್ದ. ಆಮೇಲೆ ಎಷ್ಟೋ ದಿನ ಎರಡನ್ನೂ ಬಿಸಿಲಿಗೆ ಹಿಡಿದು ನೋಡುತ್ತಲೇ ಇದ್ದ. ಅದಕ್ಕೇ ಇರಬೇಕು, ಈಗ ಜಗನ್ ಅರ್ಧ ಶೇಡನ್ನೂ ಬಿಡುವುದಿಲ್ಲ. ಗಿರಾಕಿಗಳು ಅವನ ಕಣ್ಣನ್ನು ಹೊಗಳಿದರೆ ಇವನ ಹೊಟ್ಟೆಯಲ್ಲಿ ಆ ಮೈಕು ಕೂಗುತ್ತದೆ.

"ಏನ್ ಗುರೂ, ಬೊಂಬೆ ಕೈ ಮುರ್ದು ಕೂತಿದ್ದೀಯ?" ಮೂರ್ತಿ ಪ್ಯಾಂಟುಗಳ ಕಟ್ಟು ಹೊತ್ತು ಬಂದ. ಇವನ ಜೊತೆಯ ಸೇಲ್ಸ್‌ಮನ್, ಬಾಯಿ ಮುಚ್ಚಿದರೆ ಉಸಿರು ಕಟ್ಟುವವನು. "ಸೂಪರ್‌ವೈಸರ್ ಮಗ ಅಂದ್ರೆ ಸುಮ್ನೇನಾ, ಕೆಲ್ಸ ಮಾಡ್ದೇ ನಿಂತ್ಕೊಂಡ್ರೂ ಗತ್ತೇ."

ಆ ಸುಳ್ಳು ಆರು ವರ್ಷದ ಹಿಂದಿನದು. ಕೆಲಸಕ್ಕೆ ಸೇರಿದ ದಿನ ಗುಂಡಣ್ಣ, ಅಪ್ಪ ಏನು ಮಾಡ್ತಾರೆ ಎಂದು ಸುಮ್ಮನೆ ಕೇಳಿದ್ದ. ಫ್ಯಾಕ್ಟರೀಲಿ ಸೂಪರ್‌ವೈಸರ್ ಎಂದು ಬಾಯಿಗೆ ಬಂದಿತ್ತು. ಅಪ್ಪ ಆಗ ಅಲ್ಲೇ ಪೆಟ್ಟಿಗೆ ಹೊರುತ್ತಿದ್ದ. ಆ ಸುಳ್ಳನ್ನು ಜಗನ್ ದಿನಾ ಇಸ್ತ್ರಿ ಹಾಕಿ ತೊಟ್ಟುಕೊಳ್ಳುತ್ತ ಬಂದ.

ಎರಡೂವರೆಯ ಹೊತ್ತಿಗೆ ಗಾಜಿನ ಬಾಗಿಲಲ್ಲಿ ತಿಳಿನೀಲಿ ಅಂಗಿಯೊಂದು ನಿಂತಿತು. ಟೋಪಿ ಕಂಕುಳಲ್ಲಿ. ಬೂಟು ಬಿಚ್ಚಬೇಕೋ ಬೇಡವೋ ಎಂದು ಕಾಲೊರಸಿನ ಮೇಲೆ ಅನುಮಾನಿಸುತ್ತಿತ್ತು. ಜಗನ್‌ಗೆ ಈ ಸಲ ಕಾಲಿನಿಂದ ಮೇಲಕ್ಕೆ ನೋಡುವ ಅಗತ್ಯ ಬೀಳಲಿಲ್ಲ.

"ಎನ್ನ ತಾತಾ, ಏಟಿಎಮ್ ಪಕ್ಕದ್ ಬಿಲ್ಡಿಂಗು!" ಎಂದ ಮೂರ್ತಿ, ಏಟಿಎಮ್ಮಿನ ಕಾವಲಿಗೆ ಬಂದವನೆಂದುಕೊಂಡು.

ಅಪ್ಪ ಅಂಗಡಿಯನ್ನೆಲ್ಲ ಒಮ್ಮೆ ನೋಡಿದ. ಬೊಂಬೆಗಳನ್ನು, ದೀಪಗಳನ್ನು, ಗಲ್ಲಾಪೆಟ್ಟಿಗೆಯ ಹಿಂದೆ ಫೋನು ನೋಡುತ್ತ ಕೂತಿದ್ದ ಗುಂಡಣ್ಣನನ್ನು. ಕಡೆಗೆ ಮಗನನ್ನು. ಆ ನೋಟ ಬೇರೆಯವರ ಮೇಲೆ ಎಷ್ಟು ಹೊತ್ತು ನಿಂತಿತ್ತೋ ಇವನ ಮೇಲೂ ಅಷ್ಟೇ ಹೊತ್ತು ನಿಂತಿತು. "ಸಟ್ಟೆ ಪಾಕ್ಕಣುಂ ಸಾರ್," ಎಂದ. ಅಂಗಿ ನೋಡಬೇಕು ಸಾರ್. ಮನೆಯಲ್ಲಿ ಒಂದು ತಮಿಳು ಮಾತೂ ಆಡದ ಅಪ್ಪ, ಗೇಟಿನ ತಮಿಳಿನಲ್ಲಿ, ಮಗನಿಗೆ ಸಾರ್ ಎಂದ.

"ವಾಂಗ ಸಾರ್," ಎಂದಿತು ಜಗನ್‌ನ ಬಾಯಿ. "ಎನ್ನ ಸೈಜ್?" ಅಪ್ಪನ ಅಳತೆಯನ್ನು ಅವನು ಪರಭಾಷೆಯಲ್ಲಿ ಕೇಳುತ್ತಿದ್ದ. ಹಾಗಾದರೆ ಅಪ್ಪನಿಗೆ ಗೊತ್ತಿದೆಯೇ? ಬೆಳಿಗ್ಗೆಯೂ ಗೊತ್ತಿತ್ತೇ? ಇಲ್ಲ, ಈಗ ಕನ್ನಡಕ ಇಲ್ಲ, ಈಗ ಗೊತ್ತಾಗಿದೆ, ಬೆಳಿಗ್ಗೆ ಗೊತ್ತಿರಲಿಲ್ಲ. ಆ ಮಡಿಕೆಯನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ.

ಗುಂಡಣ್ಣ ಫೋನಿನಿಂದ ತಲೆ ಎತ್ತಿದ್ದ. ಜಾಹೀರಾತಿಗೆಂದು ಅವನು ಫೋನಿನಲ್ಲಿ ತೆಗೆಯುವ ಅಂಗಡಿಯ ವೀಡಿಯೋಗಳಲ್ಲಿ ಈವರೆಗೆ ಸೆಟ್ ತೊಟ್ಟು ನಡೆದವನು ಜಗನ್ ಒಬ್ಬನೇ, ಅದೂ ಕುತ್ತಿಗೆಯಿಂದ ಕೆಳಗೆ. "ಮುಖ ಇದ್ರೆ ಜನ ಮುಖ ನೋಡ್ತಾರೆ, ಬಟ್ಟೆ ನೋಡಲ್ಲ," ಎಂದು ಗುಂಡಣ್ಣ ತಲೆ ಕತ್ತರಿಸಿ ಹಾಕುತ್ತಿದ್ದ. ಹಾಗಿದ್ದೂ ಊರಿನಲ್ಲಿ ಯಾರದೋ ಫೋನು ನೋಡಿ ಅವ್ವ, "ಇದು ನಿನ್ ಕೈ ಅಲ್ವೇನ್ಲಾ?" ಎಂದಿದ್ದಳು. ಅವ್ವನಿಗೆ ಕೈ ಸಾಕಾಗಿತ್ತು. ಅದು ಈಗ ನೆನಪಾಗಿದ್ದು ಜಗನ್‌ಗೆ ಹಿತವಾಗಲಿಲ್ಲ.

"ಯಜಮಾನ್ರೇ, ಕನ್ನಡ ಬರ್ತದಾ?" ಗುಂಡಣ್ಣ ಎದ್ದು ಬಂದ.

"ಬತ್ತದೆ ಸಾರ್."

"ಒಂದ್ ವೀಡಿಯೋ ಮಾಡಾಣ. ನಮ್ ಹುಡ್ಗ ನಿಮ್ಗೆ ತಲೆಯಿಂದ ಕಾಲ್ವರ್ಗೂ ಸೆಟ್ ಹಾಕ್ತಾನೆ. ಮೊದ್ಲು ಸೆಕ್ಯೂರಿಟಿ, ಆಮೇಲೆ ಸಾಹೇಬ್ರು. ಜನ ಹುಚ್ಚಾಗ್ಬೇಕು. ನಿಮ್ಗೊಂದ್ ಅಂಗಿ ನಾನೇ ಕೊಡ್ತೀನಿ."

"ನಂಗ್ಯಾಕ್ ಸಾರ್ ಅದೆಲ್ಲ." ಅಪ್ಪ ಜಗನ್ ಕಡೆಗೆ ನೋಡದೆ ಕೇಳಿದ, "ಈ ಹುಡ್ಗನ ಕೆಲ್ಸಕ್ಕೆ ಒಳ್ಳೇದಾಯ್ತದಾ?"

"ಅವ್ನು ಕಟ್ಟಿದ್ ಸೆಟ್ ಓಡಿದ್ರೆ ಅವ್ನಿಗೇ ತಾನೇ ಹೆಸ್ರು."

"ಹಂಗಾದ್ರೆ ಆಗ್ಲಿ."

ಬಟ್ಟೆ ಬದಲಾಯಿಸುವ ಕೋಣೆ ಎಂದರೆ ಮೂರು ಕಡೆ ಹಲಗೆ, ಒಂದು ಕಡೆ ಪರದೆ, ಒಂದು ಕನ್ನಡಿ. ಅದರೊಳಗೆ ಅಪ್ಪ ಬನಿಯನ್ನಿನಲ್ಲಿ ನಿಂತಿದ್ದ. ಬನಿಯನ್ನಿನ ಎಡಭುಜದಲ್ಲಿ ಅವ್ವ ಹಾಕಿದ ಹೊಲಿಗೆ. ಜಗನ್ ಕಪಾಟಿನ ಮುಂದೆ ನಿಂತಾಗ ಅವನ ಕೈ ತಡವರಿಸಲಿಲ್ಲ, ಅದೊಂದೇ ಇವತ್ತಿನ ಆಶ್ಚರ್ಯ. ಇಷ್ಟು ದಿನ ಯಾವ ಯಾವನಿಗೋ ಕಟ್ಟಿದ ಸೆಟ್‌ಗಳೆಲ್ಲ ಇದಕ್ಕೆ ತಾಲೀಮು ಎನ್ನುವ ಹಾಗೆ, ಕೈ ತಾನೇ ಹೋಗಿ ಬೂದಿ ಬಣ್ಣದ ಅಂಗಿ ತೆಗೆಯಿತು, ತೋಳಿಲ್ಲದ ಇದ್ದಿಲು ಬಣ್ಣದ ಕೋಟು ತೆಗೆಯಿತು, ಅದೇ ಬಣ್ಣದ ಪ್ಯಾಂಟು, ಕಪ್ಪು ಬೆಲ್ಟು, ಕಪ್ಪು ಬೂಟು. ಅಳತೆ ಏಳು. ಯಾರನ್ನೂ ಕೇಳದೆ ಏಳು. ಅಪ್ಪ ಅಂಗಿ ತೆಗೆದುಕೊಂಡು ಕೋಣೆಯಿಂದ ಹೊರಬಂದ. ಬನಿಯನ್ನಿನಲ್ಲೇ ಅಂಗಡಿ ದಾಟಿ ಗಾಜಿನ ಬಾಗಿಲು ತಳ್ಳಿ, ಅಂಗಿಯನ್ನು ಬಿಸಿಲಿಗೆ ಹಿಡಿದ. ಇನ್ನೊಂದು ಕೈಯಲ್ಲಿ ಪ್ಯಾಂಟು. ಎರಡನ್ನೂ ಪಕ್ಕಪಕ್ಕ ಹಿಡಿದು, ಎಡಗಣ್ಣು ಕಿರಿದು ಮಾಡಿ ನೋಡಿದ.

"ಏನ್ ನೋಡ್ತಾವ್ರೆ?" ಮೂರ್ತಿ ನಕ್ಕ.

"ಬಣ್ಣ," ಎಂದ ಅಪ್ಪ. "ಒಳಗೊಂದ್ ತರ, ಹೊರಗೊಂದ್ ತರ ಕಾಣ್ತದೆ ತಮ್ಮಾ. ಒಂದ್ಸಲ ಮೋಸ ಹೋಗಿವ್ನಿ."

ಜಗನ್ ಪರದೆಯ ಕಂಬಿಯನ್ನು ಹಿಡಿದುಕೊಂಡ.

ಮತ್ತೆ ಒಳಗೆ ಬಂದ ಮೇಲೆ ಅಪ್ಪನಿಗೆ ಅಂಗಿ ತೊಡಿಸಿದ, ಗುಂಡಿ ಹಾಕಿದ. ಬೆಲ್ಟನ್ನು ಕುಣಿಕೆಗಳಿಗೆ ತೂರಿಸಲು ಮೊಣಕಾಲೂರಿ ಬಗ್ಗಿದಾಗ ಕತ್ತಿನ ಹಿಂದೆ ಅಪ್ಪನ ಬೆರಳು ತಾಕಿತು. ಒರಟು ಬೆರಳು, ಲಿನನ್ನಿನ ಎಳೆಗೆ ಸಿಕ್ಕಿ ಸರ್ ಎಂದಿತು. ಕಾಲರಿನ ಹೊರಗೆ ಇಳಿಬಿದ್ದಿದ್ದ ಚೀಟಿಯನ್ನು ಎತ್ತಿ, ದಾರ ಸುತ್ತಿ, ಅಪ್ಪ ಅದನ್ನು ಬೆನ್ನಿನೊಳಕ್ಕೆ ಇಳಿಸುತ್ತಿದ್ದ.

"ಬೆಳಿಗ್ಗೇನೂ ನೇತಾಡ್ತಿತ್ತು ಕಣ್ಲಾ," ಕನ್ನಡದಲ್ಲಿ, ಪರದೆಗೂ ಕೇಳಿಸದ ಹಾಗೆ ಅಪ್ಪ ಹೇಳಿದ. "ನೀನ್ ನನ್ ದಾಟಿ ಹೋಗೋವಾಗ ಬೆನ್ ಮೇಲೆ ಕಾಣ್ತು. ಕಾರ್ನಲ್ಲಿದ್ ಅಮ್ಮ ನಗ್ತಿದ್ಲು. ಸೀಟಿ ಊದ್ದೆ. ನೀನ್ ತಿರುಗ್ಲಿಲ್ಲ. ಯಾರಾದ್ರೂ ಆಡ್ಕಂತಾರೆ ಅಂತ, ಡ್ಯೂಟಿ ಬಿಟ್ಟೇಟ್ಗೆ ಬಂದೆ."

"ಗುರ್ತು ಸಿಕ್ಕಿತ್ತಾ ನಿಂಗೆ?" ಜಗನ್ ಎದ್ದೇಳಲಿಲ್ಲ. ಎದುರಿಗೆ ಅಪ್ಪನ ಸೊಂಟ, ಹೊಸ ಬೆಲ್ಟಿನ ಕೊಂಡಿ.

"ಆಟೋ ಇಳ್ದಾಗ್ಲೇ ಸಿಕ್ತು. ನಿನ್ ನಡ್ಗೆ ನಂಗ್ ಗೊತ್ತಾಗಲ್ವಾ?"

"ಮತ್ಯಾಕ್ ಸಲ್ಯೂಟ್ ಹೊಡ್ದೆ?"

"ಎಲ್ರೂ ನೋಡ್ತಿದ್ರು. ನೀನು ಮಾತಾಡ್ಸಿದ್ರೆ ನಿಂಗ್ ಕಷ್ಟ, ಮಾತಾಡ್ಸ್ದಿದ್ರೂ ಕಷ್ಟ. ಸಲ್ಯೂಟ್ ಹೊಡುದ್ಬುಟ್ರೆ ಇಬ್ರಿಗೂ ಸಲೀಸು." ಅಪ್ಪ ಮಗನ ಕಾಲರು ನೇರಮಾಡಿ, "ಚೆನ್ನಾಗ್ ಕಾಣ್ತಿದ್ದೆ," ಎಂದ.

ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಒಂಬತ್ತನೆಯ ಕ್ಲಾಸಿನ ಹಾಗೆ ಕಿರುಚಬಹುದಿತ್ತು. ನಿನ್ನನ್ನು ಯಾರು ಇಷ್ಟು ಒಳ್ಳೆಯವನಾಗು ಅಂದರು ಎಂದು ಆ ಕನ್ನಡಿಯನ್ನು ಗುದ್ದಿ ಪುಡಿಮಾಡಬಹುದಿತ್ತು. ಜಗನ್ ಬೆಲ್ಟಿನ ಕೊಂಡಿ ಹಾಕಿದ. ಮೂರನೆಯ ತೂತಿಗೆ ಸರಿಯಾಗಿ ಕೂತಿತು, ಮೊಳೆ ಬೇಕಾಗಲಿಲ್ಲ.

ಪರದೆ ಸರಿಸಿ ಹೊರಗೆ ಬಂದರು. ದೊಡ್ಡ ಕನ್ನಡಿಯಲ್ಲಿ ಇಬ್ಬರು ನಿಂತಿದ್ದರು, ಒಂದೇ ಭುಜ, ಒಂದೇ ಕುತ್ತಿಗೆ, ಎಡಕ್ಕೆ ಒಂಚೂರು ವಾಲಿದ ಒಂದೇ ನಿಲುವು. ಯೂನಿಫಾರ್ಮು ಇಷ್ಟು ದಿನ ಮುಚ್ಚಿಟ್ಟದ್ದನ್ನು ತನ್ನ ಸೆಟ್ಟೇ ಬಿಚ್ಚಿ ತೋರಿಸಿಬಿಟ್ಟಿತ್ತು.

"ಲೇ!" ಮೂರ್ತಿ ಕೂಗಿದ. "ಥೇಟ್ ನಿನ್ನಂಗೇ ಅವ್ರಲ್ಲೋ ಗುರೂ!"

ಗುಂಡಣ್ಣ ಇಬ್ಬರನ್ನೂ ನೋಡಿದ. "ನಿಮ್ ಕಡೆಯವ್ರೇನೋ ಜಗಾ?"

ಇದೇ ಆ ಗಳಿಗೆ. ಜಗನ್ ಬಾಯಿ ತೆರೆದ. ನಾಲಿಗೆಯ ಮೇಲೆ ಆರು ವರ್ಷದ ಸೂಪರ್‌ವೈಸರ್ ಕೂತಿದ್ದ.

"ಅಯ್ಯೋ ಇಲ್ಲ ಸಾರ್," ಅಪ್ಪನೇ ನಕ್ಕು ಹೇಳಿದ. "ಇವತ್ ಬೆಳಿಗ್ಗೆ ಗೇಟ್ ತಾವ ನೋಡಿದ್ದು, ಅಷ್ಟೇಯ. ಒಳ್ಳೇ ಹುಡ್ಗ."

ವೀಡಿಯೋ ತೆಗೆದರು. ಅಪ್ಪ ನಡೆದ, ನಿಂತ, ಗುಂಡಣ್ಣ ಹೇಳಿದ ಹಾಗೆ ಕೋಟಿನ ಗುಂಡಿ ಮುಟ್ಟಿಕೊಂಡ. ಆಮೇಲೆ ಎಲ್ಲವನ್ನೂ ಬಿಚ್ಚಿ ಯೂನಿಫಾರ್ಮು ಹಾಕಿಕೊಳ್ಳಬೇಕಾಯಿತು, ಮೊದಲಿನ ಭಾಗ ಇನ್ನೂ ಬಾಕಿ ಇತ್ತು. ಜಗನ್ ಏಳರ ಬೂಟನ್ನು ಡಬ್ಬಿಗೆ ಹಾಕಿದ. ಅಪ್ಪ ಒಂಬತ್ತರ ಬೂಟಿನ ಲೇಸನ್ನು ಅಂಚು ಮುಟ್ಟುವವರೆಗೂ ಎಳೆದ.

"ಈಗ ನೋಡಿ," ಗುಂಡಣ್ಣನಿಗೆ ಹುರುಪು ಬಂದಿತ್ತು. "ಯಜಮಾನ್ರು ಬಾಗ್ಲಲ್ಲಿ ನಿಂತ್ಕೊಳ್ಳಿ. ಜಗಾ, ನೀನು ಕಪ್ ಕನ್ನಡ್ಕ ಹಾಕ್ಕೊಂಡ್ ಆ ಕಡೆಯಿಂದ ಬಾ. ಅವ್ರು ಸಲ್ಯೂಟ್ ಹೊಡೀಲಿ. ನೀನು ಹಿಂಗೆ ಎರಡ್ ಬೆರಳ್ ಎತ್ತಿ ಹೋಗ್ತಾ ಇರು, ಸ್ಟೈಲಾಗಿ. ಇವತ್ ಮುಖಾನೂ ಬರ್ಲಿ. ಮೂರ್ತಿ, ಹಿಡ್ಕೊಳ್ಳೋ ಫೋನು. ಚೀಟಿ ಒಳಗಿರ್ಲಿ."

ಫುಟ್‌ಪಾತಿನ ಮೇಲೆ ಬಿಸಿಲು ಮಂಡಿಯವರೆಗೂ ಬಂದಿತ್ತು. ಜಗನ್ ಕನ್ನಡಕ ಹಾಕಿಕೊಂಡ. ಲೋಕ ಮತ್ತೆ ಬೆಳಗ್ಗಿನ ಬಣ್ಣಕ್ಕೆ ತಿರುಗಿತು. ಕೈ ಕತ್ತಿನ ಹಿಂದಕ್ಕೆ ಹೋಯಿತು, ದಾರ ಸಿಕ್ಕಿತು, ಅಪ್ಪ ಇಳಿಸಿಟ್ಟಿದ್ದ ಚೀಟಿಯನ್ನು ಅವನು ಹೊರಗೆಳೆದು ಬಿಟ್ಟ. ಅದು ಬೆನ್ನ ಮೇಲೆ ಬಡಿಯುತ್ತಿರಲು ನಡೆದ. ಕಂದು ಬೂಟು. ಕಪ್ಪು ಬೆಲ್ಟು. ಸೀಟಿಯ ದಾರ. ಈ ಸಲ ಮುಖ ತಲುಪಲು ಅವನ ಕಣ್ಣು ತಡಮಾಡಲಿಲ್ಲ. ಅಪ್ಪನ ಕೈ ಏರಿತು, ಬೆಳಗ್ಗಿನದಕ್ಕಿಂತ ನೆಟ್ಟಗೆ, ಐದು ಬೆರಳೂ ಜೋಡಿಸಿಕೊಂಡು.

ಜಗನ್ ನಿಂತ. ಕನ್ನಡಕ ತೆಗೆದ.

"ಕೈ ಇಳ್ಸಪ್ಪಾ."

"ಏಯ್, ಏನೋ ಅದು, ನಡಿಯೋ!" ಒಳಗಿಂದ ಗುಂಡಣ್ಣ ಕೂಗಿದ.

"ನಮ್ಮಪ್ಪ ಸಾರ್ ಇವ್ರು," ಎಂದ ಜಗನ್, ಬೇಕಾದ್ದಕ್ಕಿಂತ ಗಟ್ಟಿಯಾಗಿ; ಎದುರಿನ ಅಂಗಡಿಯವನೂ ತಿರುಗಿದ. "ಸೂಪರ್‌ವೈಸರ್ ಅಲ್ಲ, ಏನಲ್ಲ. ನಮ್ಮಪ್ಪ."

ಮೂರ್ತಿಯ ಕೈಯಲ್ಲಿ ಫೋನು ಓಡುತ್ತಲೇ ಇತ್ತು. ಅಪ್ಪನ ಮುಖದಲ್ಲಿ ಖುಷಿ ಇರಲಿಲ್ಲ. ಹೆದರಿಕೆ ಇತ್ತು, ಗೇಟಿನಲ್ಲಿ ಕಾರೊಂದು ಕಾಯುತ್ತಿರುವಾಗ ಬೀಗದ ಕೈ ಸಿಗದವನ ಹೆದರಿಕೆ. "ಸುಮ್ನೆ ನಡಿಲಾ," ತುಟಿ ಅಲುಗಿಸದೆ ಅಪ್ಪ ಹೇಳಿದ. "ನೋಡ್ತಾವ್ರೆ." ಜಗನ್ ಅಪ್ಪನ ಮೊಣಕೈ ಹಿಡಿದು ಕೆಳಕ್ಕೆಳೆದ. ಕೈ ಬರಲಿಲ್ಲ. ಇನ್ನೂ ಬಲವಾಗಿ ಎಳೆದ. ಬಿಸಿಲಿನಲ್ಲಿ ಪೆಟ್ಟಿಗೆ ಹೊತ್ತು ಹೊತ್ತು ಗಟ್ಟಿಯಾದ ಕೈ, ಕಳಚಿಡುವಂಥದ್ದಲ್ಲ. ಹಣೆಯ ಮೇಲೆ ಹಾಗೇ ನಿಂತಿತ್ತು. ಆ ಕೈಯನ್ನು ಹಾಗೇ ಬಿಟ್ಟು, ಅಪ್ಪನ ಎಡಗೈ ಮಾತ್ರ ಮೆಲ್ಲಗೆ ಮಗನ ಹೆಗಲು ದಾಟಿ, ಕಾಲರಿನ ಹಿಂದೆ ತಡಕಾಡಿ, ಗಾಳಿಗೆ ಅಲುಗುತ್ತಿದ್ದ ಚೀಟಿಯನ್ನು ಹಿಡಿದುಕೊಂಡಿತು.